ಕಣ್ಣು ಮುಚ್ಚಿ ಕೊಳ್ಳುವ ಕಾರು ಯಾವುದೂ ಇಲ್ಲ

"ಟೊಯೋಟಾನಾ? ಕಣ್ಣು ಮುಚ್ಕೊಂಡು ತಗೊಳ್ಳಿ ಸಾರ್." ಕಾರು ಕೊಳ್ಳಬೇಕೆಂದು ಬಾಯಿ ಬಿಟ್ಟವರೆಲ್ಲರ ಕಿವಿಗೂ ಈ ಮಾತು ಬಿದ್ದಿರುತ್ತದೆ. ಟ್ರಾವೆಲ್ಸ್ ನಡೆಸುವವರು, ಗ್ಯಾರೇಜಿನವರು, ಹಳೆ ಕಾರಿನ ದಲ್ಲಾಳಿಗಳು, ಮದುವೆ ಮನೆಯಲ್ಲಿ ಸಿಕ್ಕ ನೆಂಟರು, ಎಲ್ಲರೂ ಇದನ್ನೇ ಹೇಳುತ್ತಾರೆ. ಎಂಜಿನ್ ಐದು ಲಕ್ಷ ಕಿಲೋಮೀಟರ್ ಓಡುತ್ತದೆ, ಹೊತ್ತಿಗೆ ಸರಿಯಾಗಿ ಆಯಿಲ್ ಹಾಕಿಸಿದರೆ ಸಾಕು, ಮಾರುವ ದಿನ ಒಳ್ಳೆ ಬೆಲೆ ಸಿಗುತ್ತದೆ, ಎಷ್ಟಾದರೂ ಜಪಾನಿನವರ ಕೆಲಸ. ಮಾಲೀಕರು ಹೀಗೆ ಎದೆ ತಟ್ಟಿ ಹೇಳುವ ಇನ್ನೊಂದು ಕಂಪನಿ ನಮ್ಮ ರಸ್ತೆಗಳ ಮೇಲೆ ಇಲ್ಲವೆಂದೇ ಹೇಳಬಹುದು.

ಈ ನಂಬಿಕೆ ತಪ್ಪು ಎಂಬುದು ನನ್ನ ವಾದ. ಟೊಯೋಟಾ ಕಾರುಗಳು ಕೆಟ್ಟವು ಎಂದು ನಾನು ಹೇಳುತ್ತಿಲ್ಲ. ಅವುಗಳಲ್ಲಿ ಬಹಳಷ್ಟು ನಿಜಕ್ಕೂ ಒಳ್ಳೆಯ ಕಾರುಗಳೇ. ನನ್ನ ತಕರಾರು ಇರುವುದು "ಕಣ್ಣು ಮುಚ್ಕೊಂಡು" ಎಂಬ ಸಲಹೆಯ ಬಗ್ಗೆ. ಈ ಸಲಹೆ ಕೊಳ್ಳುವವರನ್ನು ಮೋಸಕ್ಕೆ ಒಡ್ಡುತ್ತದೆ, ಕಾರು ಕಟ್ಟುವವರ ಮತ್ತು ಕಾಪಾಡುವವರ ದುಡಿಮೆಯನ್ನು ಮರೆಸುತ್ತದೆ. ಅಷ್ಟೇ ಅಲ್ಲ, ಆ ಕಂಪನಿಯನ್ನು ದೊಡ್ಡದು ಮಾಡಿದ ತತ್ವಕ್ಕೇ ಇದು ನೇರ ವಿರುದ್ಧ.

ಮೊದಲು, ನಂಬಿಕೆ ಹುಟ್ಟಿದ್ದಕ್ಕೆ ಕಾರಣವಿದೆ ಎಂಬುದನ್ನು ಒಪ್ಪಿಕೊಳ್ಳೋಣ. 1997ರಲ್ಲಿ ಕಿರ್ಲೋಸ್ಕರ್ ಜೊತೆ ಸೇರಿ ಟೊಯೋಟಾ ಇಲ್ಲಿಗೆ ಬಂತು. ಬಿಡದಿಯ ಕಾರ್ಖಾನೆಯಲ್ಲಿ 1999ರ ಕೊನೆಗೆ ಉತ್ಪಾದನೆ ಶುರುವಾಗಿ, 2000ದ ಜನವರಿಯಲ್ಲಿ ಕ್ವಾಲಿಸ್ ಹೊರಬಂತು. ಇಂಡೋನೇಷ್ಯಾದ ಕೆಟ್ಟ ರಸ್ತೆ, ದೊಡ್ಡ ಸಂಸಾರ, ಕಡಿಮೆ ಬಜೆಟ್ಟು ಇವನ್ನೆಲ್ಲ ಗಮನದಲ್ಲಿಟ್ಟು ರೂಪಿಸಿದ ಕಿಜಾಂಗ್ ಎಂಬ ವಾಹನವೇ ಇದರ ಮೂಲ. ನೋಡಲು ಡಬ್ಬದಂತಿತ್ತು, ಆದರೆ ಹೇಳಿದ ಮಾತು ಉಳಿಸಿಕೊಂಡಿತು. ಕಾಲ್ ಸೆಂಟರ್‌ನ ರಾತ್ರಿ ಪಾಳಿ, ಧರ್ಮಸ್ಥಳ–ತಿರುಪತಿ ಯಾತ್ರೆ, ವಿಮಾನ ನಿಲ್ದಾಣದ ಬಾಡಿಗೆ, ಎಲ್ಲದಕ್ಕೂ ಬಿಡುವಿಲ್ಲದೆ ದುಡಿಯಿತು. ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ 2005ರಲ್ಲಿ ಅದನ್ನು ನಿಲ್ಲಿಸಿ ಇನ್ನೋವಾ ತಂದರು. ಇನ್ನೋವಾ ಆ ಹೆಸರನ್ನು ಇನ್ನಷ್ಟು ಎತ್ತರಕ್ಕೆ ಒಯ್ದಿತು. ಇದೆಲ್ಲ ದುಡಿದು ಗಳಿಸಿದ ಗೌರವ. ತಕರಾರು ಬರುವುದು ಆ ಗೌರವವನ್ನು ಲಾಂಛನಕ್ಕೆ ಹೇಗೆ ವರ್ಗಾಯಿಸಿದ್ದೇವೆ ಎಂಬಲ್ಲಿ.

ಮಾಲೀಕರ ಮಾತನ್ನು ಸಾಕ್ಷ್ಯವಾಗಿ ಎತ್ತಿ ಹಿಡಿಯುವ ಮೊದಲು ಆ ಸಾಕ್ಷಿ ಯಾರು ಎಂದು ಕೇಳಬೇಕು. ಐದು ಲಕ್ಷ ಕಿಲೋಮೀಟರ್ ಓಡಿದ ಇನ್ನೋವಾ ನಮ್ಮ ಕಣ್ಣೆದುರು ನಿಂತಿದೆ. ಎರಡು ಲಕ್ಷಕ್ಕೇ ಎಂಜಿನ್ ಹೋಗಿ ಗುಜರಿ ಸೇರಿದ ಇನ್ನೋವಾದ ಕಥೆ ಹೇಳಲು ಯಾರೂ ಉಳಿದಿಲ್ಲ. ಬದುಕಿ ಉಳಿದವುಗಳನ್ನು ಮಾತ್ರ ಎಣಿಸಿದರೆ ಎಲ್ಲ ಕಂಪನಿಗಳೂ ಅಮರವಾಗಿಯೇ ಕಾಣುತ್ತವೆ. ಜೊತೆಗೆ, ಹೆಚ್ಚು ದುಡ್ಡು ಕೊಟ್ಟು ಕೊಂಡವನು ತನ್ನ ಆಯ್ಕೆ ಸರಿ ಎಂದು ತನಗೆ ತಾನೇ ಹೇಳಿಕೊಳ್ಳಬೇಕಾಗುತ್ತದೆ. ನಾಳೆ ಮಾರಬೇಕಾದ ಕಾರಿನ ದೋಷವನ್ನು ಇಂದು ಬೀದಿಯಲ್ಲಿ ಯಾರೂ ಸಾರುವುದಿಲ್ಲ. ಮಾರುಕಟ್ಟೆಯ ಬೆಲೆ ಹೊಗಳಿಕೆಯ ಮೇಲೆ ನಿಂತಿರುವಾಗ ಆ ಹೊಗಳಿಕೆಯನ್ನು ನಿಷ್ಪಕ್ಷಪಾತ ಅಭಿಪ್ರಾಯ ಎಂದು ಒಪ್ಪಲಾಗದು.

ಐದು ಲಕ್ಷ ಓಡಿದ ಆ ಗಾಡಿಯನ್ನೇ ತೆಗೆದುಕೊಳ್ಳಿ. ಅದು ಓಡಿದ್ದು ಹೇಗೆ? ಹಳದಿ ಬೋರ್ಡಿನ ಇನ್ನೋವಾ ಒಂದು ಕುಟುಂಬದ ಅನ್ನ. ಗಾಡಿ ಒಂದು ದಿನ ನಿಂತರೆ ಆ ದಿನದ ಬಾಡಿಗೆ ಹೋಯಿತು, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ಚಾಲಕ ಆಯಿಲ್ ಬದಲಿಸುವ ದಿನ ಮರೆಯುವುದಿಲ್ಲ. ಕ್ಲಚ್ಚಿನಲ್ಲಿ ಸಣ್ಣ ಸದ್ದು ಬಂದರೂ ಅವನ ಕಿವಿ ನಿಮಿರುತ್ತದೆ. ತಣ್ಣಗಿನ ಎಂಜಿನ್ನನ್ನು ಎಳೆದಾಡುವುದಿಲ್ಲ, ಘಾಟಿ ಹತ್ತಿ ಬಂದ ಮೇಲೆ ಒಮ್ಮೆಗೇ ಬಂದ್ ಮಾಡುವುದಿಲ್ಲ. ದಿನವೂ ದೂರದ ಹಾದಿಯಲ್ಲಿ ಒಂದೇ ವೇಗದಲ್ಲಿ ಓಡುವುದು ಎಂಜಿನ್ನಿಗೂ ಒಳ್ಳೆಯದು. ಅದೇ ಹಳೆ ಡೀಸೆಲ್ ಇನ್ನೋವಾದಲ್ಲಿ ಟೈಮಿಂಗ್ ಬೆಲ್ಟ್ ಬದಲಿಸುವುದನ್ನು ಅಲಕ್ಷಿಸಿ ನೋಡಿ. ಬೆಲ್ಟ್ ತುಂಡಾದ ಕ್ಷಣ ವಾಲ್ವುಗಳು ಪಿಸ್ಟನ್‌ಗೆ ಬಡಿದು ಎಂಜಿನ್ ಬಿಚ್ಚಬೇಕಾಗುತ್ತದೆ. ಆಗ ಲಾಂಛನ ಯಾರನ್ನೂ ಕಾಯುವುದಿಲ್ಲ. ನಾವು ಕಂಪನಿಗೆ ಕೊಡುತ್ತಿರುವ ಹೊಗಳಿಕೆಯಲ್ಲಿ ದೊಡ್ಡದೊಂದು ಪಾಲು ಆ ಚಾಲಕನಿಗೂ ಅವನ ಮೆಕ್ಯಾನಿಕ್‌ಗೂ ಸಲ್ಲಬೇಕು.

ಲಾಂಛನದಲ್ಲೇ ಶಕ್ತಿಯಿದೆ ಎನ್ನುವವರಿಗೆ ಸರಳವಾದ ಪರೀಕ್ಷೆಯೊಂದು ನಮ್ಮ ರಸ್ತೆಯ ಮೇಲೆಯೇ ನಡೆದಿದೆ. 2018ರಲ್ಲಿ ಟೊಯೋಟಾ ಮತ್ತು ಸುಜುಕಿ ಭಾರತದಲ್ಲಿ ಪರಸ್ಪರ ವಾಹನ ಪೂರೈಸುವ ಒಪ್ಪಂದಕ್ಕೆ ಬಂದವು. 2019ರ ಜೂನ್‌ನಲ್ಲಿ ಗ್ಲಾಂಜಾ ಬಂತು. ಅದು ಮಾರುತಿ ಸುಜುಕಿಯ ಬಲೆನೋ. ಮೂತಿಯ ಮೇಲಿನ ಗುರುತು ಬದಲಾಗಿತ್ತು. ಬ್ರೆಝಾ ಅರ್ಬನ್ ಕ್ರೂಸರ್ ಆಯಿತು, ಎರ್ಟಿಗಾ ರೂಮಿಯನ್ ಆಯಿತು, ಫ್ರಾಂಕ್ಸ್ ಟೈಸರ್ ಆಯಿತು. ಎಂಜಿನ್ ಒಂದೇ, ಗೇರ್‌ಬಾಕ್ಸ್ ಒಂದೇ, ಕಬ್ಬಿಣದ ತಗಡೂ ಒಂದೇ. ಆದರೂ "ಮಾರುತಿಗಿಂತ ಟೊಯೋಟಾದ್ದು ಗಟ್ಟಿ" ಎಂದು ಗ್ಲಾಂಜಾ ಕೊಂಡವರಿದ್ದಾರೆ. ವಾರಂಟಿಯ ಷರತ್ತು, ಶೋರೂಮಿನ ಉಪಚಾರ, ಸರ್ವೀಸಿನ ಶಿಸ್ತು ಬೇರೆ ಇರಬಹುದು. ಅದಕ್ಕಾಗಿ ಕೊಂಡವರು ಯೋಚಿಸಿಯೇ ಕೊಂಡಿದ್ದಾರೆ. ಗಟ್ಟಿತನಕ್ಕಾಗಿ ಕೊಂಡವರು ಮಾತ್ರ ಒಂದು ಗುರುತನ್ನು ಕೊಂಡಿದ್ದಾರೆ.

ಈ ಪರೀಕ್ಷೆ ತಿರುಗುಮುರುಗಾಗಿಯೂ ನಡೆದಿದೆ. 2022ರಲ್ಲಿ ಟೊಯೋಟಾ ಹೈರೈಡರ್ ಮತ್ತು ಸುಜುಕಿಯ ಗ್ರ್ಯಾಂಡ್ ವಿಟಾರಾ ಎರಡೂ ಬಿಡದಿಯಲ್ಲೇ ತಯಾರಾಗತೊಡಗಿದವು. ಒಂದೇ ಕಾರ್ಖಾನೆ, ಅದೇ ಕೈಗಳು. ಜಪಾನಿ ಶಿಸ್ತಿನ ಕಾರ್ಖಾನೆಯಿಂದ ಬಂದ ಗ್ರ್ಯಾಂಡ್ ವಿಟಾರಾವನ್ನು ಕಣ್ಣು ಮುಚ್ಚಿ ತಗೊಳ್ಳಿ ಎಂದು ಯಾರಾದರೂ ಹೇಳಿದರೇ? ಇಲ್ಲ. 2023ರ ಜನವರಿಯಲ್ಲಿ ಏರ್‌ಬ್ಯಾಗ್ ನಿಯಂತ್ರಿಸುವ ಭಾಗದಲ್ಲಿ ದೋಷದ ಶಂಕೆ ಬಂದು ಮಾರುತಿ ಕಂಪನಿ ಬಲೆನೋ, ಗ್ರ್ಯಾಂಡ್ ವಿಟಾರಾ ಮೊದಲಾದವನ್ನು ವಾಪಸ್ ಕರೆಯಿತು. ಅದೇ ದೋಷಕ್ಕಾಗಿ ಟೊಯೋಟಾ ಕೂಡ ಗ್ಲಾಂಜಾ, ಹೈರೈಡರ್‌ಗಳನ್ನು ವಾಪಸ್ ಕರೆಯಬೇಕಾಯಿತು. ದೋಷಕ್ಕೆ ಬ್ಯಾಡ್ಜಿನ ಗುರುತು ಗೊತ್ತಾಗುವುದಿಲ್ಲ.

ಈ ಭ್ರಮೆ ನಮ್ಮೊಬ್ಬರದೇ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್ ಮತ್ತು ಟೊಯೋಟಾ ಸೇರಿ ನಡೆಸಿದ ನುಮ್ಮಿ ಎಂಬ ಕಾರ್ಖಾನೆಯಲ್ಲಿ ಟೊಯೋಟಾ ಕೊರೊಲಾವೂ ಜಿಯೊ ಪ್ರಿಝಂ ಎಂಬ ಕಾರೂ ತಯಾರಾಗುತ್ತಿದ್ದವು. ಮೂಲದಲ್ಲಿ ಎರಡೂ ಒಂದೇ ಕಾರು. ಆದರೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಕೊರೊಲಾಗೆ ಹೆಚ್ಚಿನ ಬೆಲೆ, ಪ್ರಿಝಂಗೆ ಕಡಿಮೆ. ಕಣ್ಣು ತೆರೆದಿದ್ದವರು ಪ್ರಿಝಂ ಕೊಂಡು ದುಡ್ಡು ಉಳಿಸಿದರು. ಕಣ್ಣು ಮುಚ್ಚಿದ್ದವರು ಅದೇ ಕಾರಿಗೆ ಹೆಚ್ಚು ತೆತ್ತರು.

"ಜಪಾನಿನವರ ಕೆಲಸ" ಎಂಬ ಮಾತಿನ ಬೇರನ್ನೂ ನುಮ್ಮಿ ಅಲುಗಾಡಿಸುತ್ತದೆ. ಅದಕ್ಕೆ ಮೊದಲು ಜನರಲ್ ಮೋಟಾರ್ಸ್ ಒಂದೇ ನಡೆಸುತ್ತಿದ್ದ ಆ ಕಾರ್ಖಾನೆ ಗೈರುಹಾಜರಿ, ಜಗಳ, ಕಳಪೆ ಕೆಲಸಕ್ಕೆ ಕುಖ್ಯಾತವಾಗಿ 1982ರಲ್ಲಿ ಮುಚ್ಚಿತ್ತು. 1984ರಲ್ಲಿ ಟೊಯೋಟಾ ಪದ್ಧತಿಯಲ್ಲಿ ಮತ್ತೆ ತೆರೆದಾಗ ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ಹಳೆಯ ಕಾರ್ಮಿಕರೇ. ಕೆಲವೇ ಕಾಲದಲ್ಲಿ ಅವರು ಕಟ್ಟಿದ ಕಾರುಗಳ ಗುಣಮಟ್ಟ ಜಪಾನಿನ ಕಾರ್ಖಾನೆಗಳ ಮಟ್ಟಕ್ಕೆ ಹತ್ತಿರವಾಯಿತು. ರಕ್ತ, ದೇಶ, ಜನಾಂಗ ಯಾವುದೂ ಬದಲಾಗಿರಲಿಲ್ಲ. ಬದಲಾದದ್ದು ಕೆಲಸದ ರೀತಿ. ತಪ್ಪು ಕಂಡ ಯಾವ ಕಾರ್ಮಿಕನಾದರೂ ಹಗ್ಗ ಎಳೆದು ಇಡೀ ಸಾಲನ್ನು ನಿಲ್ಲಿಸಬಹುದಿತ್ತು, ನಿಲ್ಲಿಸಿದ್ದಕ್ಕೆ ಬೈಗುಳ ಇರಲಿಲ್ಲ.

ಜಪಾನಿನಲ್ಲಿ ಕೂಡ ಈ ಗುಣ ಹುಟ್ಟಿನಿಂದ ಬಂದದ್ದಲ್ಲ. 1935ರಲ್ಲಿ ಹೊರಬಂದ ಕಂಪನಿಯ ಮೊದಲ ಲಾರಿ ಜಿ1 ಪದೇ ಪದೇ ದಾರಿಯಲ್ಲಿ ಕೆಟ್ಟು ನಿಲ್ಲುತ್ತಿತ್ತು. ಕಂಪನಿಯವರು ಕೆಟ್ಟ ಲಾರಿಗಳ ಹಿಂದೆ ಓಡಿ, ಬಿಚ್ಚಿ, ಕಾರಣ ಹುಡುಕಿ, ಒಂದೊಂದೇ ಭಾಗ ತಿದ್ದಿದರು. 1950ರಲ್ಲಿ ಕಂಪನಿ ದಿವಾಳಿಯ ಅಂಚಿಗೆ ಬಂದು, ದೊಡ್ಡ ಮುಷ್ಕರ ನಡೆದು, ಸಾವಿರಾರು ಜನ ಕೆಲಸ ಕಳೆದುಕೊಂಡು, ಸ್ಥಾಪಕ ಕಿಚಿರೋ ಟೊಯೋಡಾ ರಾಜೀನಾಮೆ ಕೊಟ್ಟರು. ಅಮೆರಿಕಕ್ಕೆ 1957ರಲ್ಲಿ ಒಯ್ದ ಟೊಯೋಪೆಟ್ ಕ್ರೌನ್ ಅಲ್ಲಿನ ಹೆದ್ದಾರಿಯ ವೇಗಕ್ಕೆ ಏದುಸಿರು ಬಿಟ್ಟಿತು, 1960ರ ಕೊನೆಗೆ ಆ ರಫ್ತನ್ನು ನಿಲ್ಲಿಸಬೇಕಾಯಿತು. ಗುಣಮಟ್ಟಕ್ಕೆ ಕೊಡುವ ಡೆಮಿಂಗ್ ಪ್ರಶಸ್ತಿ ಪ್ರತಿಸ್ಪರ್ಧಿ ನಿಸ್ಸಾನ್‌ಗೆ 1960ರಲ್ಲೇ ಬಂತು. ಟೊಯೋಟಾಗೆ ಬಂದದ್ದು 1965ರಲ್ಲಿ. ಸೋಲನ್ನು ಎದುರಿಗಿಟ್ಟುಕೊಂಡು ಪ್ರಶ್ನೆ ಕೇಳಿದ ಜನ ಕಟ್ಟಿದ ಹೆಸರು ಇದು. ಅದನ್ನು "ಜಪಾನ್ ಅಂದ್ರೆ ಜಪಾನ್" ಎಂಬ ಒಂದು ಉದ್ಗಾರಕ್ಕೆ ಇಳಿಸುವುದು ಆ ದುಡಿಮೆಗೆ ಮಾಡುವ ಅಪಚಾರ.

ಆ ಪ್ರಶ್ನೆ ಕೇಳುವ ಗುಣದ ಮೂಲ ಕಾರಿಗಿಂತ ಹಳೆಯದು. ಕಿಚಿರೋ ಅವರ ತಂದೆ ಸಕಿಚಿ ಟೊಯೋಡಾ ಬಡಗಿಯ ಮಗ, ಮಗ್ಗಗಳನ್ನು ಸುಧಾರಿಸುವುದರಲ್ಲಿ ಜೀವ ತೇಯ್ದವರು. 1924ರಲ್ಲಿ ಪೂರ್ಣಗೊಂಡ ಅವರ ಸ್ವಯಂಚಾಲಿತ ಮಗ್ಗದಲ್ಲಿ ಒಂದು ನೂಲು ಹರಿದರೂ ಯಂತ್ರ ತಾನೇ ನಿಲ್ಲುತ್ತಿತ್ತು. ಹಾಳು ಬಟ್ಟೆ ಮೊಳಗಟ್ಟಲೆ ನೇಯ್ದು ಹೋಗುವ ಮೊದಲೇ ತಪ್ಪು ಕಣ್ಣಿಗೆ ಬೀಳುತ್ತಿತ್ತು. ಅಂಥ ಮಗ್ಗದ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕೊಂಡುಕೊಂಡಿತು. ಮುಂದೆ ಟೊಯೋಟಾದಲ್ಲಿ ತೈಚಿ ಓನೋ ರೂಪಿಸಿದ ಉತ್ಪಾದನಾ ಪದ್ಧತಿಯ ಎರಡು ಕಂಬಗಳಲ್ಲಿ ಒಂದು ಇದೇ ತತ್ವ: ತಪ್ಪಾದರೆ ನಿಲ್ಲು, ಯಾಕಾಯಿತು ಎಂದು ಕೇಳು, ಸರಿಮಾಡಿ ಮುಂದೆ ಹೋಗು. ಅನುಮಾನವನ್ನೇ ಶಿಸ್ತಾಗಿ ಮಾಡಿಕೊಂಡ ಕಂಪನಿಯನ್ನು ಅನುಮಾನವೇ ಇಲ್ಲದೆ ನಂಬಿ ಎಂದು ಹೇಳುವುದು ಎಂಥ ವಿಪರ್ಯಾಸ!

ಆ ಶಿಸ್ತು ಸಡಿಲವಾದಾಗ ಏನಾಯಿತು ಎಂಬುದೂ ದಾಖಲೆಯಲ್ಲಿದೆ. 2009ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೋ ಬಳಿ ಟೊಯೋಟಾದ್ದೇ ಆದ ಲೆಕ್ಸಸ್ ಕಾರೊಂದರ ಆ್ಯಕ್ಸಿಲರೇಟರ್ ಪೆಡಲ್ ನೆಲಹಾಸಿಗೆ ಸಿಕ್ಕಿಕೊಂಡು ನಾಲ್ವರು ಸತ್ತರು. ಮುಂದೆ ನೆಲಹಾಸು ಮತ್ತು ಅಂಟಿಕೊಳ್ಳುವ ಪೆಡಲ್ ಇವೆರಡರ ದೋಷಕ್ಕೆ ಲಕ್ಷಗಟ್ಟಲೆ ಕಾರುಗಳನ್ನು ವಾಪಸ್ ಕರೆಯಬೇಕಾಯಿತು. 2010ರ ಫೆಬ್ರುವರಿಯಲ್ಲಿ ಕಂಪನಿಯ ಅಂದಿನ ಅಧ್ಯಕ್ಷ ಅಕಿಯೋ ಟೊಯೋಡಾ ಅಮೆರಿಕದ ಸಂಸತ್ ಸಮಿತಿಯ ಮುಂದೆ ನಿಂತು, ಕಂಪನಿ ಬೆಳೆದ ವೇಗ ಅತಿಯಾಯಿತೇನೋ ಎಂದು ಒಪ್ಪಿಕೊಂಡರು. ಎಲೆಕ್ಟ್ರಾನಿಕ್ಸ್ ದೋಷವೇ ಕಾರಣ ಎಂಬ ಗುಮಾನಿಗೆ ನಾಸಾ ಎಂಜಿನಿಯರ್‌ಗಳ ತನಿಖೆಯಲ್ಲಿ ಆಧಾರ ಸಿಗಲಿಲ್ಲ, ಅದನ್ನೂ ಹೇಳಬೇಕು. ಆದರೆ ಗ್ರಾಹಕರ ದಾರಿ ತಪ್ಪಿಸಿದ್ದನ್ನು ಒಪ್ಪಿಕೊಂಡು 2014ರಲ್ಲಿ ಕಂಪನಿ ಅಲ್ಲಿನ ಸರ್ಕಾರಕ್ಕೆ 120 ಕೋಟಿ ಡಾಲರ್ ದಂಡ ತೆತ್ತಿತು.

ಹಳೆಯದೆಂದು ಇದನ್ನು ಬದಿಗೆ ಸರಿಸುವವರಿಗೆ ಇತ್ತೀಚಿನದನ್ನು ನೆನಪಿಸುತ್ತೇನೆ. ಟೊಯೋಟಾ ಗುಂಪಿನ ಲಾರಿ ಕಂಪನಿ ಹಿನೋ ಹೊಗೆ ಪರೀಕ್ಷೆಯ ಅಂಕಿಗಳನ್ನು ತಿರುಚಿದ್ದನ್ನು 2022ರಲ್ಲಿ ಒಪ್ಪಿತು. ಸಣ್ಣ ಕಾರುಗಳ ದೈಹತ್ಸುವಿನಲ್ಲಿ 64 ಮಾದರಿಗಳ ಸುರಕ್ಷತಾ ಪ್ರಮಾಣೀಕರಣದಲ್ಲಿ ಅಕ್ರಮ ನಡೆದಿದೆ ಎಂದು 2023ರ ಡಿಸೆಂಬರ್‌ನಲ್ಲಿ ಸ್ವತಂತ್ರ ಸಮಿತಿ ಹೇಳಿತು. ಅವುಗಳಲ್ಲಿ ಟೊಯೋಟಾ ಹೆಸರಿನಲ್ಲಿ ಮಾರಾಟವಾದವೂ ಇದ್ದವು. ವಿಪರೀತ ಬಿಗಿಯಾದ ಗಡುವುಗಳ ಒತ್ತಡವನ್ನು ಸಮಿತಿ ಮುಖ್ಯ ಕಾರಣವಾಗಿ ಗುರುತಿಸಿತು. 2024ರ ಜನವರಿಯಲ್ಲಿ ಟೊಯೋಟಾ ಇಂಡಸ್ಟ್ರೀಸ್ ಸರದಿ. ಮೂರು ಡೀಸೆಲ್ ಎಂಜಿನ್‌ಗಳ ಶಕ್ತಿ ಪರೀಕ್ಷೆಯಲ್ಲಿ, ಮಾರುವ ಕಾರಿನಲ್ಲಿರುವ ತಂತ್ರಾಂಶದ ಬದಲು ಬೇರೆಯದನ್ನು ಬಳಸಿ ಅಂಕಿಗಳು ಏರುಪೇರಿಲ್ಲದೆ ಕಾಣುವಂತೆ ಮಾಡಲಾಗಿತ್ತು. ಆ ಎಂಜಿನ್‌ಗಳು ಇದ್ದ ಕಾರಣಕ್ಕೆ ಭಾರತದಲ್ಲೂ ಇನ್ನೋವಾ ಕ್ರಿಸ್ಟಾ, ಫಾರ್ಚೂನರ್, ಹೈಲಕ್ಸ್ ಪೂರೈಕೆ ಸ್ವಲ್ಪ ಕಾಲ ನಿಂತಿತು. ಕಾರಿನ ಶಕ್ತಿಗೂ ಸುರಕ್ಷತೆಗೂ ಧಕ್ಕೆಯಿಲ್ಲ ಎಂದು ಕಂಪನಿ ಹೇಳಿತು, ಪೂರೈಕೆ ಮತ್ತೆ ಶುರುವಾಯಿತು. ಆದರೆ ಗಮನಿಸಿ: ಈ ಟೊಯೋಟಾ ಇಂಡಸ್ಟ್ರೀಸ್ ಎಂದರೆ 1926ರಲ್ಲಿ ಸಕಿಚಿಯವರ ಮಗ್ಗ ತಯಾರಿಸಲೆಂದೇ ಹುಟ್ಟಿದ ಕಂಪನಿ. ನೂಲು ಹರಿದರೆ ನಿಲ್ಲಬೇಕು ಎಂಬ ಪಾಠ ಹೇಳಿಕೊಟ್ಟ ಮನೆಯಲ್ಲೇ ಹರಿದ ನೂಲನ್ನು ಮುಚ್ಚಿಟ್ಟರು. 2024ರ ಜೂನ್‌ನಲ್ಲಿ ಟೊಯೋಟಾ ತಾನೇ ಏಳು ಮಾದರಿಗಳ ಪರೀಕ್ಷೆಯಲ್ಲಿ ಲೋಪವಾಗಿದೆ ಎಂದು ಒಪ್ಪಿ, ಜಪಾನಿನಲ್ಲಿ ಮೂರು ಮಾದರಿಗಳ ಉತ್ಪಾದನೆ ನಿಲ್ಲಿಸಿತು.

ಹೆಸರು ಒಂದೇ ಇದ್ದು ಯಂತ್ರ ಬದಲಾಗುವುದು ಇನ್ನೊಂದು ಸಮಸ್ಯೆ. ಕ್ವಾಲಿಸ್, ಹಳೆ ಇನ್ನೋವಾ, ಕ್ರಿಸ್ಟಾ ಇವೆಲ್ಲ ಗಟ್ಟಿ ಚಾಸಿಯ ಮೇಲೆ ಕೂರಿಸಿದ, ಹಿಂದಿನ ಚಕ್ರ ತಿರುಗಿಸುವ ವಾಹನಗಳು. 2022ರ ಕೊನೆಗೆ ಅನಾವರಣಗೊಂಡ ಇನ್ನೋವಾ ಹೈಕ್ರಾಸ್‌ಗೆ ಪ್ರತ್ಯೇಕ ಚಾಸಿ ಇಲ್ಲ, ಮುಂದಿನ ಚಕ್ರ ತಿರುಗುತ್ತದೆ, ಡೀಸೆಲ್ ಇಲ್ಲ, ಪೆಟ್ರೋಲ್ ಅಥವಾ ಹೈಬ್ರಿಡ್. ಅದು ಒಳ್ಳೆಯ ಕಾರೇ ಇರಬಹುದು, ಮೈಲೇಜಿನಲ್ಲಿ ಹಳೆಯದನ್ನು ಮೀರಿಸುವುದೂ ನಿಜ. ಆದರೆ 2008ರ ಇನ್ನೋವಾ ಐದು ಲಕ್ಷ ಓಡಿತು ಎಂಬುದು ಹೈಕ್ರಾಸ್ ಬಗ್ಗೆ ಏನನ್ನೂ ಸಾಬೀತು ಮಾಡುವುದಿಲ್ಲ. ಅಜ್ಜನ ಆರೋಗ್ಯ ನೋಡಿ ಮೊಮ್ಮಗನಿಗೆ ವಿಮೆ ಮಾಡಿಸಿದಂತೆ ಆಗುತ್ತದೆ. ಅಮೆರಿಕದಲ್ಲಿ 2024ರಲ್ಲಿ ಹೊಸ ಟರ್ಬೊ ವಿ6 ಎಂಜಿನ್ನಿನೊಳಗೆ ತಯಾರಿಕೆಯ ಹೊತ್ತಿನ ಲೋಹದ ಚೂರು ಉಳಿದಿರಬಹುದೆಂದು ಸುಮಾರು ಒಂದು ಲಕ್ಷ ಟುಂಡ್ರಾ ಮತ್ತು ಲೆಕ್ಸಸ್ ವಾಹನಗಳನ್ನು ವಾಪಸ್ ಕರೆದರು. ಹಳೆಯ ಟುಂಡ್ರಾದ ಕೀರ್ತಿ ಹೊಸ ಎಂಜಿನ್ನಿಗೆ ಆಸರೆಯಾಗಲಿಲ್ಲ.

ಮಾಲೀಕರ ಅಭಿಪ್ರಾಯ ಎಷ್ಟು ಚಂಚಲ ಎಂಬುದಕ್ಕೆ ಟೊಯೋಟಾದ ಎಟಿಯೋಸ್ ಸಾಕ್ಷಿ. 2010ರ ಕೊನೆಗೆ ಬಂದ ಈ ಕಾರಿನ ಡ್ಯಾಶ್‌ಬೋರ್ಡು ಸಪ್ಪೆ, ಒಳಗಿನ ಪ್ಲಾಸ್ಟಿಕ್ ಅಗ್ಗ ಎಂದು ಜನ ಮೂಗು ಮುರಿದರು. ಟ್ಯಾಕ್ಸಿಯವರು ಅದನ್ನು ಎದೆಗಪ್ಪಿಕೊಂಡರು, "ಟ್ಯಾಕ್ಸಿ ಕಾರು ನಮಗ್ಯಾಕೆ" ಎಂದು ಮನೆ ಮಂದಿ ದೂರವಿಟ್ಟರು. ಕಾರುಗಳ ಅಪಘಾತ ಪರೀಕ್ಷೆ ನಡೆಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2016ರಲ್ಲಿ ಪರೀಕ್ಷಿಸಿದಾಗ ವಯಸ್ಕ ಪ್ರಯಾಣಿಕರ ರಕ್ಷಣೆಯಲ್ಲಿ ಅದಕ್ಕೆ ನಾಲ್ಕು ನಕ್ಷತ್ರ ಸಿಕ್ಕಿತು. ಭಾರತದ ಎಷ್ಟೋ ಕಾರುಗಳು ಸೊನ್ನೆ ಪಡೆಯುತ್ತಿದ್ದ ಕಾಲವದು. ಅಷ್ಟಾದರೂ 2020ರಲ್ಲಿ ಅದು ಸದ್ದಿಲ್ಲದೆ ಮರೆಯಾಯಿತು. ಟೊಯೋಟಾ ಎಂದರೆ ಕಣ್ಣು ಮುಚ್ಚಿ ಕೊಳ್ಳುತ್ತೇವೆ ಎಂದವರು, ಗಟ್ಟಿತನವೂ ಸುರಕ್ಷತೆಯೂ ಇದ್ದ ಟೊಯೋಟಾ ಎದುರಿಗೆ ಬಂದಾಗ ಕಣ್ಣು ತೆರೆದು ನೋಡಿದ್ದು ಡ್ಯಾಶ್‌ಬೋರ್ಡನ್ನು.

ಇಲ್ಲಿ ಒಂದು ಗಂಭೀರ ಆಕ್ಷೇಪಣೆ ಬರುತ್ತದೆ. "ಎಲ್ಲ ಸರಿ, ಆದರೂ ಒಟ್ಟಾರೆ ಲೆಕ್ಕದಲ್ಲಿ ಟೊಯೋಟಾ ಮುಂದಿದೆಯಲ್ಲ? ಎಲ್ಲರೂ ಎಂಜಿನಿಯರ್ ಆಗಲು ಸಾಧ್ಯವೇ? ಹೆಸರು ನಂಬಿ ಕೊಳ್ಳುವುದರಲ್ಲಿ ತಪ್ಪೇನು?" ಹೌದು, ಅಮೆರಿಕದ ಮಾಲೀಕರ ಸಮೀಕ್ಷೆಗಳಲ್ಲಿ ಟೊಯೋಟಾ, ಲೆಕ್ಸಸ್ ವರ್ಷಗಳಿಂದ ಮೇಲಿನ ಸಾಲಿನಲ್ಲಿವೆ. ಹೆಸರನ್ನು ಮೊದಲ ಸುಳಿವಾಗಿ ಬಳಸಿದರೆ ನನ್ನದೇನೂ ಅಡ್ಡಿಯಿಲ್ಲ. ಆದರೆ ಸರಾಸರಿ ಎಂಬುದು ನಿಮ್ಮ ಮನೆ ಮುಂದೆ ನಿಲ್ಲುವ ಆ ಒಂದು ಕಾರಿನ ಬಗ್ಗೆ ಪ್ರಮಾಣ ಮಾಡುವುದಿಲ್ಲ. ಸುಳಿವಿನ ನಂತರ ಮಾಡಬೇಕಾದ ವಿಚಾರಣೆಯನ್ನೇ ಈ ನಂಬಿಕೆ ಬಿಡಿಸಿಹಾಕುತ್ತದೆ, ಅದೇ ಅದರ ಅಪಾಯ.

ಇದರ ಪೆಟ್ಟು ಹೆಚ್ಚು ಬೀಳುವುದು ಸೆಕೆಂಡ್ ಹ್ಯಾಂಡ್ ಕೊಳ್ಳುವವರ ಮೇಲೆ. ಕೂಡಿಟ್ಟ ಹಣಕ್ಕೆ ಸಾಲ ಸೇರಿಸಿ ಹತ್ತು ವರ್ಷದ ಇನ್ನೋವಾ ಕೊಳ್ಳುವ ಸಂಸಾರವನ್ನು ಯೋಚಿಸಿ. ಹೆಸರಿನಿಂದಾಗಿ ಬೆಲೆ ಏರಿದೆ. ಬೆಲೆ ಏರಿದ್ದರಿಂದಲೇ ಮೀಟರ್ ತಿರುಗಿಸುವ ಆಸೆ ದಲ್ಲಾಳಿಗೆ ಹೆಚ್ಚು, ಏಕೆಂದರೆ ಇಂಥ ಗಾಡಿಯ ಮೇಲೆ ಕಡಿಮೆ ಓಟ ತೋರಿಸಿದರೆ ಸಿಗುವ ಲಾಭವೂ ದೊಡ್ಡದು. ಹಳದಿ ಬೋರ್ಡಿನಲ್ಲಿ ದುಡಿದದ್ದು ಬಿಳಿ ಬೋರ್ಡಿಗೆ ಬದಲಾಗಿ ಬಂದಿರಬಹುದು. ಕೊಳ್ಳುವವನು ಸರ್ವೀಸ್ ದಾಖಲೆ ಕೇಳುವುದಿಲ್ಲ, ಮೆಕ್ಯಾನಿಕ್‌ನನ್ನು ಕರೆದೊಯ್ಯುವುದಿಲ್ಲ, "ಟೊಯೋಟಾ ಅಲ್ವಾ" ಎಂದು ಸಮಾಧಾನ ಪಡುತ್ತಾನೆ. ವಾಪಸ್ ಕರೆದ ವಾಹನಗಳ ಪಟ್ಟಿಯಲ್ಲಿ ತನ್ನ ಚಾಸಿ ನಂಬರ್ ಇದೆಯೇ ಎಂದು ನೋಡುವುದೂ ಇಲ್ಲ. ವಾಹನ ವಾಪಸಾತಿಯನ್ನು ಸರ್ಕಾರವೇ ಕಡ್ಡಾಯ ಮಾಡಬಲ್ಲ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2021ರ ಏಪ್ರಿಲ್‌ನಲ್ಲಿ. ಕಾನೂನು ಇಷ್ಟು ಎಳೆಯದಾಗಿರುವ ನಾಡಿನಲ್ಲಿ ಗ್ರಾಹಕ ಎಚ್ಚರ ಬಿಟ್ಟರೆ ಅವನನ್ನು ಕಾಯುವವರು ಕಡಿಮೆ.

ಈ ನಂಬಿಕೆಯಲ್ಲಿ ಇನ್ನೊಂದು ಅನ್ಯಾಯವಿದೆ, ಅದು ನನ್ನನ್ನು ಹೆಚ್ಚು ನೋಯಿಸುತ್ತದೆ. ನಾವು "ಜಪಾನಿನವರ ಕೆಲಸ" ಎಂದು ಹೊಗಳುವ ಇನ್ನೋವಾವನ್ನು ಕಟ್ಟಿದವರು ಬಿಡದಿಯಲ್ಲಿ ಪಾಳಿ ಕೆಲಸ ಮಾಡುವ ಜನ. ಹಳ್ಳಿಗಾಡಿನ ಬಡ ಕುಟುಂಬಗಳ ಹುಡುಗರಿಗೆಂದು 2007ರಲ್ಲಿ ಶುರುವಾದ ಅಲ್ಲಿನ ತರಬೇತಿ ಶಾಲೆಯಲ್ಲಿ ಕಲಿತು ಸಾಲಿಗೆ ಬಂದವರೂ ಅವರಲ್ಲಿದ್ದಾರೆ. ಅದೇ ಕಾರ್ಖಾನೆ 2014ರಲ್ಲೂ 2020ರಲ್ಲೂ ಬೀಗಮುದ್ರೆ ಕಂಡಿತು. 2020ರ ನವೆಂಬರ್‌ನಲ್ಲಿ ಶುರುವಾದ ಬಿಕ್ಕಟ್ಟು 2021ರ ಮಾರ್ಚ್ ತನಕ ಎಳೆಯಿತು. ಕೆಲಸದ ಹೊರೆ ತಾಳಲಾಗದು ಎಂಬುದು ಕಾರ್ಮಿಕರ ದೂರು, ಅಶಿಸ್ತು ಸಹಿಸಲಾಗದು ಎಂಬುದು ಆಡಳಿತದ ಮಾತು. ಯಾರದು ಎಷ್ಟು ಸರಿ ಎಂದು ತೂಗುವುದು ಇಲ್ಲಿ ನನ್ನ ಉದ್ದೇಶವಲ್ಲ. ಆ ತಿಂಗಳುಗಳಲ್ಲಿ ಇನ್ನೋವಾ ಬುಕ್ ಮಾಡಿ ಕಾದವರಲ್ಲಿ ಎಷ್ಟು ಜನ, ಕಾರಿನ ಗಟ್ಟಿತನಕ್ಕೂ ಕಾರ್ಮಿಕನ ದಣಿವಿಗೂ ಸಂಬಂಧವಿದೆ ಎಂದು ಯೋಚಿಸಿದರು? ದೈಹತ್ಸುವಿನಲ್ಲಿ ಗಡುವಿನ ಒತ್ತಡ ಏನು ಮಾಡಿತು ಎಂದು ಆಗಲೇ ನೋಡಿದೆವು. ಗುಣಮಟ್ಟವನ್ನು ಲಾಂಛನದ ಮಹಿಮೆ ಎಂದು ನಂಬಿದವನಿಗೆ ಇಂಥ ಪ್ರಶ್ನೆಗಳು ಹೊಳೆಯುವುದೇ ಇಲ್ಲ.

ಆದ್ದರಿಂದ ಟೊಯೋಟಾ ಮಾಲೀಕರಿಗೆ ನನ್ನ ಒತ್ತಾಯ ಇದು. ನಿಮ್ಮ ಅನುಭವ ಅಮೂಲ್ಯ, ಅದನ್ನು ಪೂರ್ತಿಯಾಗಿ ಹೇಳಿ. ಯಾವ ವರ್ಷದ, ಯಾವ ಎಂಜಿನ್ನಿನ ಕಾರು, ಯಾರು ಓಡಿಸಿದರು, ಎಷ್ಟಕ್ಕೊಮ್ಮೆ ಸರ್ವೀಸ್ ಆಯಿತು, ಏನೇನು ಕೆಟ್ಟಿತು, ಎಷ್ಟು ಖರ್ಚಾಯಿತು ಎಂದು ಹೇಳಿ. ಕೆಟ್ಟದ್ದನ್ನು ಮುಚ್ಚಿಟ್ಟರೆ ನಿಮ್ಮ ಕಾರಿನ ಬೆಲೆ ನಾಲ್ಕು ಕಾಸು ಹೆಚ್ಚಬಹುದು, ಮುಂದೆ ಕೊಳ್ಳುವವನ ಜೇಬು ಬರಿದಾಗುತ್ತದೆ. ಕೊಳ್ಳುವವರಿಗೂ ಒಂದು ಮಾತು: ದಾಖಲೆ ಕೇಳಿ, ಗಾಡಿಯನ್ನು ಲಿಫ್ಟಿನ ಮೇಲೆ ಏರಿಸಿ ನೋಡಿ, ಚಾಸಿ ನಂಬರ್ ಕೊಟ್ಟು ವಾಪಸಾತಿಯ ಬಾಕಿ ಇದೆಯೇ ವಿಚಾರಿಸಿ, ಅಪಘಾತ ಪರೀಕ್ಷೆಯ ಫಲಿತಾಂಶ ಓದಿ. ಟೊಯೋಟಾ ಆದರೂ ಕೇಳಿ, ಟೊಯೋಟಾ ಆಗಿರುವುದರಿಂದಲೇ ಇನ್ನೂ ಗಟ್ಟಿಯಾಗಿ ಕೇಳಿ. ತಪ್ಪು ಕಂಡಾಗ ಸಾಲು ನಿಲ್ಲಿಸುವ ಹಕ್ಕನ್ನು ಕಾರ್ಮಿಕನಿಗೆ ಕೊಟ್ಟು ಹೆಸರು ಮಾಡಿದ ಕಂಪನಿ ಇದು. ದುಡ್ಡು ಕೊಡುವ ಗ್ರಾಹಕ ಆ ಹಕ್ಕನ್ನು ತಾನಾಗಿ ಬಿಟ್ಟುಕೊಡಬಾರದು.